ಸಾಬ್ರಿ ಒಪ್ಪದ ಸನ್ಯಾಸಿ

ಜುಲೈ 27, 1990. ಶುಕ್ರವಾರ

ಬೆಳಿಗ್ಗೆಯಿಂದ ಟೈಪ್‌ರೈಟರ್ ಮುಂದೆ. ಎರಡನೇ ಅಧ್ಯಾಯ ಅರ್ಧಕ್ಕೆ ನಿಂತಿದೆ. ಇವರಿಗೆ ಇವತ್ತೂ ರಜೆಯಿಲ್ಲ. ಅಹ್ಮದಿಯ ಎಣ್ಣೆ ಪ್ಲಾಂಟಿನಲ್ಲಿ ಪಂಪ್ ಕೆಟ್ಟಿದೆಯಂತೆ.

ಫಾದರ್ ಆಲ್ರಿಕ್ ಬಗ್ಗೆ ವಿಮರ್ಶಕರು ಬರೆದದ್ದೆಲ್ಲ ಮೇಜಿನ ಮೇಲೆ ಹರಡಿದೆ. ಅಮೆರಿಕದ ಬಿಳಿಯ ಸನ್ಯಾಸಿ. ಮಠದ ಗೋಡೆ ದಾಟದವನು. ಕೂತಲ್ಲಿಂದಲೇ ಕಪ್ಪು ಜನರ ಮೇಲಿನ ಅನ್ಯಾಯದ ಬಗ್ಗೆ ಬರೆದ, ಯುದ್ಧ ಬೇಡವೆಂದು ಬರೆದ. ಬದುಕಿದ್ದಾಗ ಬೈದವರೇ ಹೆಚ್ಚು. ಒಬ್ಬ ದೇಶದ್ರೋಹಿ ಅಂದ. ಇನ್ನೊಬ್ಬ ‘ಹೂತೋಟದ ಪ್ರವಾದಿ’ ಎಂದು ನಕ್ಕ. ಸತ್ತ ಮೇಲೆ ಎಲ್ಲರಿಗೂ ಸಂತನಾದ. ನನ್ನ ಪಿಎಚ್‌ಡಿ ಇಷ್ಟೇ — ಆ ಬೈಗುಳದಿಂದ ಈ ಹೊಗಳಿಕೆಯವರೆಗಿನ ದಾರಿ. ಶಾಲೆ ತೆರೆಯುವುದರೊಳಗೆ ಮುಗಿಸಬೇಕೆಂದು ಈ ಸಲ ಕುವೈತ್ ಬಿಟ್ಟು ಧಾರವಾಡಕ್ಕೂ ಹೋಗಲಿಲ್ಲ.

ರೇಡಿಯೋದಲ್ಲಿ ಇರಾಕ್ ಗಡಿಯ ಸುದ್ದಿ. ಸೈನ್ಯ ಸೇರುತ್ತಿದೆಯಂತೆ. ಪ್ರತಿವರ್ಷದ್ದೇ ಗೊಣಗಾಟ ಅನ್ನುತ್ತಾರೆ ಇವರು.

ಜುಲೈ 30

ಶಾಲೆಗೆ ರಜೆ. ಆದರೂ ನಮ್ಮ ಲೈಬ್ರೇರಿಯನ್ ಸಾಬ್ರಿ ಲೈಬ್ರರಿಯ ಬೀಗ ತೆಗೆದುಕೊಟ್ಟರು. ಪ್ಯಾಲೆಸ್ಟೀನಿನವರು. ಹುಟ್ಟಿದ್ದು ಹೈಫಾದಲ್ಲಿ, ಬೆಳೆದದ್ದು ನಿರಾಶ್ರಿತರ ಕ್ಯಾಂಪಿನಲ್ಲಿ, ತಲೆ ನರೆತದ್ದು ಈ ಸಾಲ್ಮಿಯಾದ ಲೈಬ್ರರಿಯಲ್ಲಿ. ನಮ್ಮದೇ ಬಿಲ್ಡಿಂಗು, ನಮ್ಮ ಕೆಳಗಿನ ಮನೆ. ನನಗಾಗಿ ಫಾದರ್ ಆಲ್ರಿಕ್‌ನ ಪುಸ್ತಕ ತರಿಸಿದವರು. ತರಿಸಿದ ಮೇಲೆ ತಾವೇ ಮೊದಲು ಓದಿ ಕೂತವರು.

“ಭಾಷೆ ಚೆನ್ನಾಗಿದೆ, ಸಿಸ್ಟರ್. ಬೇಲಿ ಹಾಕಿದವರಿಗೆ ಬೈಯುತ್ತಾನೆ. ಬೇಲಿಯಲ್ಲಿ ಸಿಕ್ಕಿಕೊಂಡವನ ಪಕ್ಕ ಮಾತ್ರ ಬಂದು ನಿಲ್ಲುವುದಿಲ್ಲ.”

ಜೊತೆಗೆ ಬಂದಿದ್ದ ಲೂರ್ಡ್ಸ್ ಬಿಡಲಿಲ್ಲ. ಬಜ್ಪೆಯ ಕಡೆಯವಳು, ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್, ನಮ್ಮ ಎದುರು ಮನೆ. ನನ್ನ ಕಡೆ ತಿರುಗಿ ಹೇಳಿದಳು: “ಇವರಿಗೆ ಎಂತ ಗೊತ್ತು ಟೀಚರೇ? ಮಠದಲ್ಲಿ ಕೂತು ಪ್ರಾರ್ಥನೆ ಮಾಡುವುದು ಸುಮ್ಮನೆ ಅಲ್ಲ. ಎಲ್ಲರೂ ಬೀದಿಗೆ ಬಂದರೆ ದೇವರ ಹತ್ತಿರ ಮಾತಾಡುವುದು ಯಾರು?”

ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಸಾಬ್ರಿ ನಕ್ಕರು. “ದೇವರ ಹತ್ತಿರ ಮಾತಾಡಲು ನಮ್ಮಲ್ಲಿ ಜನ ಸಾಕಷ್ಟಿದ್ದಾರೆ. ಪೊಲೀಸರ ಹತ್ತಿರ ಮಾತಾಡುವವರು ಬೇಕು.”

ಚಹಾ ಆಯಿತು. ಮೂರನೇ ಅಧ್ಯಾಯಕ್ಕೆ ಒಳ್ಳೆಯ ಸಾಲು ಸಿಕ್ಕಿತೆಂದು ಖುಷಿಯಲ್ಲಿ ಬಂದೆ.

ಆಗಸ್ಟ್ 2. ಬೆಳಿಗ್ಗೆ

ಹೆಲಿಕಾಪ್ಟರ್. ಮತ್ತೆ ಮತ್ತೆ. ಸಮುದ್ರದ ಕಡೆ ಹೊಗೆ. ಫೋನ್ ಹೋಗುತ್ತಿಲ್ಲ. ಇವರು ಅಹ್ಮದಿಯಲ್ಲಿ… ಲೂರ್ಡ್ಸ್ ಬಾಗಿಲು ಬಡಿದು ಒಂದೇ ಮಾತು ಹೇಳಿದಳು — “ಬಂದರು.”

ಆಗಸ್ಟ್ 11

ಇವರು ಬಂದಿದ್ದಾರೆ. ಗಡ್ಡ ಬೆಳೆದಿದೆ. ಪ್ಲಾಂಟು ಬಿಟ್ಟು ಊರಿಗೆ ಹೋಗುವಂತಿಲ್ಲ ಎಂದು ಬಂದೂಕಿನವರು ಆರ್ಡರ್ ಮಾಡಿದ್ದಾರಂತೆ.

ಶಾಲೆಯ ಲೈಬ್ರರಿಯನ್ನು ಸೈನಿಕರು ಟ್ರಕ್ಕಿಗೆ ತುಂಬಿದರು. ಕಪಾಟು ಸಮೇತ. ಸಾಬ್ರಿ ಗೇಟಿನಲ್ಲಿ ನಿಂತು ನೋಡಿದರಂತೆ. ಸಂಜೆ ನಮ್ಮ ಬಾಗಿಲಿಗೆ ಬಂದರು. ಅಂಗಿಯೊಳಗಿಂದ ಫಾದರ್ ಆಲ್ರಿಕ್ ಹೊರಗೆ ಬಂದ, ಬೆವರಿನಲ್ಲಿ ಒದ್ದೆಯಾಗಿ.

“ಒಂದೇ ತೆಗೆದುಕೊಳ್ಳಲು ಆಯಿತು.”

“ನೀವು ಒಪ್ಪದ ಮನುಷ್ಯನನ್ನೇ ತಂದಿರಲ್ಲ ಉಸ್ತಾದ್?”

“ನನ್ನ ಜಗಳ ಇನ್ನೂ ಮುಗಿದಿಲ್ಲ, ಸಿಸ್ಟರ್.”

ಸೆಪ್ಟೆಂಬರ್ 15

ಬಸ್ಸುಗಳು ಹೊರಡುತ್ತಿವೆ. ಬಾಗ್ದಾದ್, ಅಮ್ಮಾನ್, ಅಲ್ಲಿಂದ ವಿಮಾನ. ಕನ್ನಡದವರು ಬಹುತೇಕ ಖಾಲಿ.

“ನೀನರೆ ಹೋಗು ಶೈಲಾ. ನನ್ನ ಬಿಡೂದಿಲ್ಲ ಅವ್ರು. ನಿನ್ನ ಯಾರೂ ಕಟ್ಟಿ ಹಾಕಿಲ್ಲ.”

ಹೋಗುವುದಿಲ್ಲ ಅಂದೆ. ಇವರು ಬೆನ್ನು ತಿರುಗಿಸಿ ಮಲಗಿದರು. ಸ್ವಲ್ಪ ಹೊತ್ತಿಗೆ ಕೈ ಮಾತ್ರ ಈ ಕಡೆ ಬಂತು.

ರಸ್ತೆಯಲ್ಲಿ ಈಗ ಮುಖ ನೋಡಿ ಬೆಲೆ ಕಟ್ಟುತ್ತಾರೆ. ‘ಹಿಂದಿ? ರೂಹ್, ರೂಹ್’ — ಭಾರತದವಳಾ, ಹೋಗು ಎಂದು ನನಗೆ ಕೈಸನ್ನೆ. ಬಿಳಿಯರು ಅಟ್ಟದ ಮೇಲೆ ಅಡಗಿದ್ದಾರೆ. ಕುವೈತಿಗಳು ಕಾರಿನ ನಂಬರ್ ಪ್ಲೇಟ್ ಬಿಚ್ಚಿಟ್ಟಿದ್ದಾರೆ. ಯಾರಿಗೂ ಬೇಡದ ಚರ್ಮ ನನ್ನದು. ಇವತ್ತು ಅದೇ ಕಾಪಾಡುತ್ತಿದೆ. ಫಾದರ್ ಆಲ್ರಿಕ್ ಇದರ ಬಗ್ಗೆ ಬರೆದಿಲ್ಲ.

ಅಕ್ಟೋಬರ್ 20

ಕೆಳಗೆ ಸಾಬ್ರಿಯ ಪಕ್ಕದ ಮನೆಯಲ್ಲಿ ಹಜ್ಜಾ — ಬಿಲ್ಡಿಂಗಿನ ಮಾಲೀಕನ ತಾಯಿ, ಹಜ್ ಮಾಡಿ ಬಂದವರೆಂದು ಎಲ್ಲರೂ ಕರೆಯುವುದೇ ಹಾಗೆ. ಮಗ ಸಂಸಾರ ಸಮೇತ ಬೇಸಿಗೆಗೆ ಲಂಡನ್ನಿಗೆ ಹೋದವನು ಅಲ್ಲೇ ಉಳಿದ. ಮುದುಕಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಮುಗಿದಿದೆ. ಲೂರ್ಡ್ಸ್ ಆಸ್ಪತ್ರೆಯಿಂದ ತೆಗೆದುಕೊಡಬಲ್ಲಳು. ಆದರೆ ಅವಳನ್ನು ಗೇಟಿನಲ್ಲಿ ತಪಾಸಣೆ ಮಾಡುತ್ತಾರೆ.

ಶಾಲೆ ತೆರೆಯಬೇಕೆಂದು ಇರಾಕಿಗಳ ಆರ್ಡರ್ ಬಂದಿತ್ತು. ಯಾರೂ ಹೋಗಿರಲಿಲ್ಲ. ಇವತ್ತು ಸಾಬ್ರಿ ಹೋಗಿ ಹೆಸರು ಕೊಟ್ಟು ಬಂದರು. ಹೆಸರು ಕೊಟ್ಟವರಿಗೆ ಓಡಾಡಲು ಪಾಸ್ ಸಿಗುತ್ತದೆ. ಪಾಸ್ ಇದ್ದವನ ಚೀಲ ಆಸ್ಪತ್ರೆಯ ಗೇಟಿನಲ್ಲೂ ನೋಡುವುದಿಲ್ಲ.

“ಜನ ಏನನ್ನುತ್ತಾರೆ ಉಸ್ತಾದ್?”

“ಅನ್ನುತ್ತಾರೆ. ಈಗಾಗಲೇ ಅನ್ನುತ್ತಿದ್ದಾರೆ.”

ಹೆಂಡತಿ ಹುದಾ ಅಳುತ್ತಿದ್ದಳು. ಇನ್ನು ಸಾಬ್ರಿ ದಿನಾ ಖಾಲಿ ಲೈಬ್ರರಿಯಲ್ಲಿ ಖಾಲಿ ಕುರ್ಚಿಯ ಮೇಲೆ ಕೂತು ಬರಬೇಕು. ಸಂಜೆ ಚೀಲದಲ್ಲಿ ಇನ್ಸುಲಿನ್.

ಡಿಸೆಂಬರ್ 9

ಸಾಬ್ರಿ ಮತ್ತು ನಾನು ಮೆಟ್ಟಿಲ ಮೇಲೆ ಕೂತು ಸನ್ಯಾಸಿಯ ಬಗ್ಗೆ ಜಗಳ. ಬೇರೆ ಏನೂ ಮಾತಾಡುವಂತಿಲ್ಲ ಈಗ. ಎಲ್ಲ ಮಾತೂ ಅಪಾಯ. ಸತ್ತ ಸನ್ಯಾಸಿ ಒಬ್ಬನೇ ಕ್ಷೇಮ.

ಅವನ ಯುದ್ಧದ ಪ್ರಬಂಧ ಅವರಿಗೆ ಆಗುವುದಿಲ್ಲ. “ಅವನ ಶಾಂತಿಯಲ್ಲಿ ಎಲ್ಲರೂ ಒಟ್ಟಿಗೆ ಆಯುಧ ಕೆಳಗಿಡುತ್ತಾರೆ. ಮೊದಲು ಇಟ್ಟವನ ಗತಿ ಬರೆದಿಲ್ಲ.” ವರ್ಣದ ಪ್ರಬಂಧ ಮಾತ್ರ ಈಗ ಕಾಡುತ್ತಿದೆಯಂತೆ. ಒಂದು ಜಾತಿಯ ಜನರನ್ನೆಲ್ಲ ಒಂದೇ ಮುಖ ಮಾಡಿಬಿಡುವ ಭಯ — ಅದರ ಬಗ್ಗೆ ಅವನು ಬರೆದದ್ದು. “ಅಷ್ಟು ಸರಿ. ಅಷ್ಟನ್ನು ಒಪ್ಪಿದೆ ಎಂದು ಹಾಕಿಕೊಳ್ಳಿ.”

ನಿಮ್ಮ ಹೆಸರಿನಲ್ಲೇ ಹಾಕಲೇ ಎಂದು ಕೇಳಿದೆ. ಮೆಟ್ಟಿಲ ಕೆಳಗೆ ನೋಡಿದರು. “ಯುದ್ಧ ಮುಗಿಯಲಿ. ಆಮೇಲೆ ನನ್ನ ಹೆಸರಿಗೆ ಏನು ಬೆಲೆ ಉಳಿದಿದೆ ನೋಡೋಣ.”

ಜನವರಿ 17, 1991

ಅಮೆರಿಕದವರ ಬಾಂಬು ಶುರುವಾಯಿತು. ಕಿಟಕಿ ಗಾಜು ಒಂದೂ ಉಳಿದಿಲ್ಲ.

ಫೆಬ್ರವರಿ 12

ಹಜ್ಜಾ ಹೋದರು. ಇನ್ಸುಲಿನ್ ಇತ್ತು. ಚಳಿಗೆ, ಸದ್ದಿಗೆ ಎದೆ ತಡೆಯಲಿಲ್ಲ. ಕೊನೆಗೆ ಸಾಬ್ರಿಯನ್ನು ಮಗನ ಹೆಸರಿನಿಂದ ಕರೆದರು. ಅವರೇ ಹೂಳಿ ಬಂದರು.

ಫೆಬ್ರವರಿ 27

ಖಲಾಸ್. ಇರಾಕಿಗಳು ಓಡಿಹೋದರು. ಬೀದಿಯಲ್ಲಿ ಬಾವುಟ, ಕುಣಿತ, ಗಾಳಿಯಲ್ಲಿ ಗುಂಡು. ಲೂರ್ಡ್ಸ್ ಮೊಣಕಾಲೂರಿ ಅಳುತ್ತಿದ್ದಾಳೆ. ನಾನೂ.

ಮಧ್ಯಾಹ್ನಕ್ಕೇ ಕತ್ತಲು. ಅಹ್ಮದಿ ಕಡೆ ಬಾವಿಗಳು ಉರಿಯುತ್ತಿವೆ. ಅಂಗೈ ಚಾಚಿದರೆ ಮಸಿ. ಸಾಬ್ರಿ ಬಾಲ್ಕನಿಗೂ ಬರಲಿಲ್ಲ. ಅವರ ಮನೆಯ ಪರದೆ ಎಳೆದಿದೆ.

ಮಾರ್ಚ್ 3

ಹೊಸ ಚೆಕ್‌ಪಾಯಿಂಟು. ಮುಖ ನೋಡುವುದಿಲ್ಲ, ಮಾತು ಕೇಳುತ್ತಾರೆ. ಬಾಯಿಂದ ಹೊರಡುವ ಅರಬಿ ಯಾವ ಊರಿನದೆಂದು — ಕುವೈತಿನದೋ, ಪ್ಯಾಲೆಸ್ಟೀನಿನದೋ. ನನಗೆ ಮತ್ತೆ ಅದೇ ಕೈಸನ್ನೆ — ಹೋಗು, ಹೋಗು.

ಹುದಾಳಿಗೆ ಬ್ರೆಡ್ಡು ನಾನೇ ತಂದುಕೊಟ್ಟೆ. ಅವರ ಮನೆಯ ಗೋಡೆಯ ಮೇಲೆ ಯಾರೋ ಬಣ್ಣದಲ್ಲಿ ಬರೆದು ಹೋಗಿದ್ದಾರೆ. ಓದಲು ಬರಲಿಲ್ಲ. ಅವಳು ಓದಿ ಹೇಳಲಿಲ್ಲ.

ಮಾರ್ಚ್ 9

ಬೆಳಿಗ್ಗೆ ಕಾಫಿಗೆ ನೀರಿಟ್ಟಿದ್ದೆ. ಮೆಟ್ಟಿಲ ಮೇಲೆ ಬೂಟು. ಹುದಾ ಕಿರುಚಿದಳು. ಬಾಗಿಲು ತೆರೆದು ಮೆಟ್ಟಿಲಿನಿಂದ ಬಗ್ಗಿ ನೋಡಿದೆ. ನಾಲ್ಕೈದು ಕುವೈತಿ ಹುಡುಗರು, ಅರ್ಧ ಯೂನಿಫಾರ್ಮು, ಹೊಸ ರೈಫಲ್ಲು. ಒಬ್ಬನ ಕೈಯಲ್ಲಿ ಆ ಪಾಸ್. ಸಾಬ್ರಿಯ ಮುಖಕ್ಕೆ ಹಿಡಿದು ಏನೋ ಕೂಗುತ್ತಿದ್ದ. ಸಾಬ್ರಿ ಹಜ್ಜಾ, ಹಜ್ಜಾ ಎನ್ನುತ್ತಿದ್ದರು. ಹಜ್ಜಾಳ ಬಾಗಿಲು ತೋರಿಸಿದರು. ಬೀಗ ಹಾಕಿದ ಬಾಗಿಲು.

ಚಪ್ಪಲಿ ಹಾಕಲೂ ಬಿಡಲಿಲ್ಲ.

ಸಂಜೆ

“ನಾವು ಹೋಗಿ ಹೇಳಬೇಕು,” ಅಂದೆ.

ಇವರು ಬುಸುಗುಟ್ಟಿದರು. “ಹುಚ್ಚು ಹಿಡದದೇನ ನಿನಗ? ನಮ್ಮ ಇಕಾಮಾ, ಇಲ್ಲಿ ಇರೂ ಪರ್ಮಿಟ್ಟು, ಯಾರ ಕೈಯಾಗೈತಿ? ನಾಳೆ ನನಗೂ ಹಂಗ ಅಂತಾರ — ಅವ್ರ ಕಾಲದಾಗ ಪ್ಲಾಂಟ್ ನಡಿಸಿದಿ ಅಂತ. ನಾನೂ ಪಾಸ್ ತಗೊಂಡೇನಿ, ಗೊತ್ತೈತಿಲ್ಲೊ?”

ಗೊತ್ತಿತ್ತು. ಹಾಗೆ ಯೋಚಿಸಿರಲಿಲ್ಲ. ಅದೇ ಪಾಸ್. ಇವರನ್ನು ಯಾರೂ ಕೇಳಿಲ್ಲ. ಇವರು ಹಿಂದಿ.

ಲೂರ್ಡ್ಸ್ ತಲೆ ಬಗ್ಗಿಸಿದ್ದಳು. “ಇನ್ಸುಲಿನ್ ಕದ್ದದ್ದು ನಾನು ಟೀಚರೇ. ಹೇಳಿದರೆ ಕೆಲಸ ಹೋಗ್ತದೆ. ಊರಲ್ಲಿ ಮನೆ ನಡೆಯುವುದೇ ನನ್ನಿಂದ. ನನ್ನನ್ನು ಕರೀಬೇಡಿ.”

ಕರೆಯಲಿಲ್ಲ.

ಮಾರ್ಚ್ 11

ಪೊಲೀಸ್ ಠಾಣೆಗೆ ಹೋದೆ. ಹುದಾ ಬರುವಂತಿಲ್ಲ. ಒಬ್ಬಳೇ ಎಂದುಕೊಂಡಿದ್ದೆ. ಇವರು ಹಿಂದೆಯೇ ಬರುತ್ತಿದ್ದರು. ಗೇಟಿನ ಹೊರಗೆ ನಿಂತರು.

ಆಫೀಸರ್ ಒಳ್ಳೆಯ ಇಂಗ್ಲಿಷಿನಲ್ಲಿ ಮಾತಾಡಿದ. ಚಹಾ ಕೊಟ್ಟ. ಎಲ್ಲ ಹೇಳಿದೆ — ಹಜ್ಜಾ, ಕಾಯಿಲೆ, ಚೀಲ. ಲೂರ್ಡ್ಸ್ ಹೆಸರು ಬಿಟ್ಟು.

“ಔಷಧಿ ಯಾರು ಕೊಟ್ಟರು?”

“ಗೊತ್ತಿಲ್ಲ.”

“ನೀವೇನು ಮಾಡುತ್ತೀರಿ, ಮೇಡಂ?”

ಟೀಚರ್ ಅಂದೆ. ಒಬ್ಬ ಸನ್ಯಾಸಿಯ ಬರಹಗಳ ಬಗ್ಗೆ ಥೀಸಿಸ್ ಬರೆಯುತ್ತಿದ್ದೇನೆ ಅಂದೆ. ಯಾಕೆ ಹೇಳಿದೆನೋ.

“ಯಾವುದರ ಬಗ್ಗೆ ಬರೆದಿದ್ದಾನೆ?”

“ಜನಾಂಗ. ಶಾಂತಿ.”

ಅವನು ನಗಲಿಲ್ಲ. “ಈ ಪ್ಯಾಲೆಸ್ಟೀನಿನವರು ನನ್ನ ತಮ್ಮನನ್ನು ಇರಾಕಿಗಳಿಗೆ ಹಿಡಿದುಕೊಟ್ಟರು. ನಿಮ್ಮ ಸನ್ಯಾಸಿ ಅದಕ್ಕೇನು ಹೇಳುತ್ತಾನೆ?”

ಅದನ್ನು ಸನ್ಯಾಸಿಯೂ ಬರೆದಿಲ್ಲ, ಅವನ ವಿಮರ್ಶಕರೂ ಬರೆದಿಲ್ಲ. “ಹಿಡಿದುಕೊಟ್ಟವರು ಸಾಬ್ರಿಯಲ್ಲ,” ಅಂದೆ. “ಅಷ್ಟು ಮಾತ್ರ ನನಗೆ ಗೊತ್ತು.”

ಆಫೀಸರ್ ಎದ್ದು ಬಾಗಿಲು ತೆರೆದ. ಹಜಾರದ ಕೊನೆಯ ಕೋಣೆಯಲ್ಲಿ ಹಲವರು, ಗೋಡೆಗೆ ಮುಖ ಮಾಡಿ ಕೂತಿದ್ದರು. ಹೆಸರು ಕೂಗಿದ. ಒಬ್ಬರು ತಿರುಗಿದರು. ಬಲಗಣ್ಣು ಮುಚ್ಚಿಹೋಗಿತ್ತು. ಬರಿಗಾಲು. ನನ್ನನ್ನು ಕಂಡು ತಲೆ ಅಲ್ಲಾಡಿಸಿದರು — ಬರಬಾರದಿತ್ತು ಅನ್ನುವ ಹಾಗೆ. ಆಮೇಲೆ “ಸಿಸ್ಟರ್” ಅಂದರು. ಆ ದನಿಗೆ ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರೂ ತಿರುಗಿ ನೋಡಿದರು. ಅಷ್ಟೇ.

“ವಿಚಾರಣೆ ಮುಗಿದ ಮೇಲೆ ಬಿಡುತ್ತೇವೆ. ಶನಿವಾರ ಬನ್ನಿ.”

ಹೊರಗೆ ಬಂದಾಗ ಇವರು ಇನ್ನೂ ಅಲ್ಲೇ. ಮುಖದ ಮೇಲೆಲ್ಲ ಮಸಿ. ಕಣ್ಣಿನಿಂದ ಕೆಳಗೆ ಎರಡು ಬಿಳಿ ಗೆರೆ.

ಮಾರ್ಚ್ 16. ಶನಿವಾರ

ಆ ಆಫೀಸರ್ ಇಲ್ಲ. ಬೇರೊಬ್ಬ. ರಿಜಿಸ್ಟರ್ ತಿರುವಿ ನೋಡಿದ. ಸಾಬ್ರಿ ಎನ್ನುವ ಹೆಸರೇ ಇಲ್ಲ. ಇಲ್ಲಿಗೆ ಬಂದೇ ಇಲ್ಲ.

“ನಾನು ನೋಡಿದ್ದೇನೆ. ಸೋಮವಾರ. ಆ ಕೋಣೆಯಲ್ಲಿ.”

“ಆ ಕೋಣೆ ಸ್ಟೋರ್ ರೂಮ್, ಮೇಡಂ.”

ಬಾಗಿಲು ತೆರೆದೇ ತೋರಿಸಿದ. ತೊಳೆದ ನೆಲ. ಫಿನಾಯಿಲ್ ವಾಸನೆ. ಒಂದು ಮೂಲೆಯಲ್ಲಿ ಕುರ್ಚಿಗಳು.

“ನಿಮ್ಮ ಇಕಾಮಾ ತೋರಿಸಿ.” ತೋರಿಸಿದೆ. ನಂಬರ್ ಬರೆದುಕೊಂಡ. ಗಂಡನ ಹೆಸರು ಕೇಳಿದ. ಅದನ್ನೂ ಬರೆದುಕೊಂಡ.

ಹುದಾಗೆ ಏನು ಹೇಳಲಿ? ಮೆಟ್ಟಿಲ ಮೇಲೆಯೇ ಕೂತಿದ್ದಳು. ನನ್ನ ಮುಖ ನೋಡಿ ಎದ್ದು ಒಳಗೆ ಹೋದಳು.

ಮಾರ್ಚ್ 19

ಮೂರು ಅಧ್ಯಾಯಗಳನ್ನೂ ಸೂಟ್‌ಕೇಸಿನ ತಳಕ್ಕೆ ಹಾಕಿದೆ. ಬೈದವರು, ಹೊಗಳಿದವರು, ಎಲ್ಲರೂ ಒಟ್ಟಿಗೆ. ಸಿಟ್ಟಿಲ್ಲ. ಸನ್ಯಾಸಿಯ ಮೇಲೂ ಇಲ್ಲ. ಅವನು ಕಂಡಷ್ಟು ಬರೆದ. ಸಾಬ್ರಿ ಅವನ ಜೊತೆ ಜಗಳ ಆಡಿದಷ್ಟು ಪ್ರೀತಿಯಿಂದ ಯಾವ ವಿಮರ್ಶಕನೂ ಆಡಿಲ್ಲ. ಅದನ್ನು ಯಾವ ಅಧ್ಯಾಯಕ್ಕೂ ಹಾಕಿಲ್ಲ ನಾನು.

ಸಂಜೆ ಎದುರಿನ ಬಾಲ್ಕನಿಯ ಕೆಳಗೆ ಬಿಳಿ ಕಾರು. ಇಬ್ಬರು ಕೂತಿದ್ದರು. ಇಳಿಯಲಿಲ್ಲ.

ಮಾರ್ಚ್ 20

ಕಾರು ಇವತ್ತೂ ಇದೆ.

ಇವರಿಗೆ ಕಂಪನಿಯಿಂದ ಫೋನು. ಭಾರತಕ್ಕೆ ಹೋಗಲು ಇಷ್ಟವಿದ್ದರೆ ಈ ವಾರವೇ ಸೀಟು ಕೊಡಿಸುತ್ತಾರಂತೆ. ನಾವು ಕೇಳಿರಲಿಲ್ಲ.

“ಹೋಗೂಣು,” ಅಂದರು ಇವರು. ಆಮೇಲೆ ಅವರೇ — “ರೆಡ್ ಕ್ರಾಸ್‌ನವ್ರು ಹೋಟೆಲ್‌ನಾಗ ಕುಂತಾರಂತ. ಕಾಣೆಯಾದವ್ರ ಬಗ್ಗೆ ಬರಕೋತಾರಂತ. ಕಣ್ಣಾರೆ ಕಂಡವ್ರ ಹೇಳಿಕೆ ಬೇಕಂತ. ಮೊದಲು ಅಲ್ಲಿ ಹೋಗಿ, ಆಮ್ಯಾಲೆ ವಿಮಾನ.”

ಮಾರ್ಚ್ 21. ಬೆಳಿಗ್ಗೆ

ಲೂರ್ಡ್ಸ್ ಬಂದಳು. ಡ್ಯೂಟಿಯ ಬಿಳಿ ಬಟ್ಟೆಯಲ್ಲೇ. ಬಾಗಿಲಲ್ಲೇ ನಿಂತು, “ಔಷಧಿ ಕೊಟ್ಟದ್ದು ನಾನು ಅಂತ ಬರೀರಿ ಟೀಚರೇ. ನನ್ನ ಪೂರ್ತಿ ಹೆಸರು ಹಾಕಿ. ಸೈನ್ ನಾನೇ ಮಾಡ್ತೇನೆ.” ಕೂರಿಸಿ ನೀರು ಕೊಟ್ಟೆ.

ಇವರು ಕೆಳಗೆ ಟ್ಯಾಕ್ಸಿ ನೋಡಲು ಹೋಗಿದ್ದಾರೆ. ಬಿಳಿ ಕಾರಿನ ಬಾಗಿಲು ತೆರೆದಿದೆ, ಒಳಗೆ ಯಾರೂ ಕಾಣುತ್ತಿಲ್ಲ. ಹೇಳಿಕೆಯನ್ನು ಒಮ್ಮೆ ಇಲ್ಲೇ ಬರೆದು ನೋಡಿಕೊಂಡರೆ ಅಲ್ಲಿ ತಡವರಿಸುವುದಿಲ್ಲ.

ನನ್ನ ಹೆಸರು ಶೈಲಾ. ಮಾರ್ಚ್ ಹನ್ನೊಂದು, ಸೋಮವಾರ, ಠಾಣೆಯ ಕೊನೆಯ ಕೋಣೆಯಲ್ಲಿ ಸಾಬ್ರಿಯವರನ್ನು ನಾನು ಕಂಡೆ. ಜೀವಂತ ಇದ್ದರು. ನನ್ನನ್ನು ಗುರುತಿಸಿದರು. ಅವರ ಜೊತೆ ಗೋಡೆಗೆ ಮುಖ ಮಾಡಿ ಕೂತಿದ್ದವರಲ್ಲಿ ಇನ್ನೂ ಒಬ್ಬರು ತಿರುಗಿ ನೋಡಿದರು, ಅವರ ಮುಖವೂ ನನಗೆ ನೆನಪಿದೆ, ಅವರು