ಮುಚ್ಚಳದ ರಂಧ್ರ

ಹೊಳವನಹಳ್ಳಿ
೧೨–೩–೧೯೫೭

ಮಾನ್ಯ ಶಫೀವುಲ್ಲಾ ಸಾಹೇಬರ ಸನ್ನಿಧಿಗೆ,

ಸೇನೆಯ ಹರಾಜಿನಲ್ಲಿ ತಾವು ಕೊಂಡ ಜೀಪಿನ ಚಾಲಕ ಚಿಕ್ಕನರಸಯ್ಯನು, ಪೆಟ್ರೋಲು ಮಾರಿಕೊಳ್ಳಲೆಂದೇ ದಾರಿಯಲ್ಲಿ ಪದೇಪದೇ ನಿಲ್ಲಿಸುತ್ತಾನೆಂದು ಭಾವಿಸಿ ತಾವು ಅವನನ್ನು ಕೆಲಸದಿಂದ ಬಿಡಿಸಿದಿರೆಂದು ತಿಳಿಯಿತು. ಅವನು ನಿರಪರಾಧಿ. ತಪ್ಪು ನನ್ನದು.

ಕಳೆದ ತಿಂಗಳು ತಮ್ಮ ಜೀಪನ್ನು ಬಾಡಿಗೆಗೆ ಪಡೆದು ನನ್ನ ಪತ್ನಿಯನ್ನು ಶಿರಾದ ವೈದ್ಯರಲ್ಲಿಗೆ ಕರೆತರುವಾಗ, ಪೆಟ್ರೋಲಿನ ವಾಸನೆಗೆ ಆಕೆ ವಾಂತಿ ಮಾಡಿಕೊಂಡಳು. ದಾರಿಯಲ್ಲಿ ಚಿಕ್ಕನರಸಯ್ಯನು ಚಹಾಕ್ಕೆ ಹೋದಾಗ ನಾನು ಚಾಲಕನ ಆಸನವನ್ನೆತ್ತಿ, ಅಡಿಯಲ್ಲಿದ್ದ ಪೆಟ್ರೋಲು ತೊಟ್ಟಿಯ ಮುಚ್ಚಳದ ಸಣ್ಣ ರಂಧ್ರಕ್ಕೆ ಸಾಬೂನು ಮೆತ್ತಿದೆ. ವಾಸನೆ ಕಡಿಮೆಯಾಯಿತು, ಆದರೆ ಕೆಲವು ಮೈಲಿಗಳಲ್ಲೇ ಜೀಪು ನಿಂತಿತು. ಪೆಟ್ರೋಲು ನೋಡಲು ಅವನು ಮುಚ್ಚಳ ತೆರೆದ ಮೇಲೆ ಮತ್ತೆ ಹೊರಟಿತು.

"ಮಿಲ್ಟ್ರಿ ಮುದುಕ ಕಣ್ ಸ್ವಾಮಿ, ಆಗಾಗ ಉಸ್ರು ತಕ್ಕಬೇಕು" ಎಂದು ನಕ್ಕನು.

ಪರರ ವಾಹನದಲ್ಲಿ ಕೈಯಾಡಿಸಿದ್ದನ್ನು ಹೇಳಲು ನಾಚಿ ಸುಮ್ಮನಿದ್ದೆನು.

ನಿನ್ನೆ ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿದೆ. ಎಣ್ಣೆ ಸರಿಯಾಗಿ ಸುರಿಯಲಿಲ್ಲ. "ಗಾಳಿ ಹೋಗೋಕೆ ಇನ್ನೊಂದು ಬೇಡವೇನ್ರೀ?" ಎಂದು ಪತ್ನಿ ಮೊಳೆ ಹೊಡೆದಳು. ತೊಟ್ಟಿಯಿಂದ ಪೆಟ್ರೋಲು ಹೊರಗೆ ಹರಿಯಬೇಕಾದರೆ ಮುಚ್ಚಳದ ರಂಧ್ರದಿಂದ ಗಾಳಿ ಒಳಗೆ ಬರಬೇಕೆಂಬುದು ಆಗ ನನಗೆ ಹೊಳೆಯಿತು.

ದಯವಿಟ್ಟು ಆ ಸಾಬೂನನ್ನು ಸೂಜಿಯಿಂದ ತೆಗೆಸಿ, ಚಿಕ್ಕನರಸಯ್ಯನಿಂದಲೇ ಮಧುಗಿರಿಯವರೆಗೆ ಓಡಿಸಿ ನೋಡಿರಿ. ಅವನನ್ನು ಶಂಕಿಸಿದವರೆದುರು ಈ ಪತ್ರವನ್ನು ಗಟ್ಟಿಯಾಗಿ ಓದಿಸಿರಿ.

ಗುರುವಾರ ನಾವು ಮತ್ತೆ ವೈದ್ಯರಲ್ಲಿಗೆ ಬರಬೇಕಾಗಿದೆ. ಜೀಪನ್ನು ಅವನೇ ತರಲಿ. ನನ್ನ ಪತ್ನಿ ನಿಂಬೆಹಣ್ಣು ಹಿಡಿದು ಕುಳಿತುಕೊಳ್ಳುವಳು.

ತಮ್ಮ ಮತ್ತು ಚಿಕ್ಕನರಸಯ್ಯನ ಕ್ಷಮೆಯನ್ನು ಬೇಡುವ,
ಲಕ್ಷ್ಮೀಪತಯ್ಯ
ನಿವೃತ್ತ ಉಪಾಧ್ಯಾಯ