ಎಳ್ಳಿನಷ್ಟು ಕಪ್ಪು

ಅಪ್ಪಾ,

ಇದನ್ನು ಎಲ್ಲಿಗೂ ಕಳಿಸಲಾರೆ. ಆದರೂ ನೀನಿದ್ದಿದ್ದರೆ ನೀನೇ ನನಗೆ ನೂರೆಂಟು ಪ್ರಶ್ನೆ ಕೇಳುತ್ತಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ನಮ್ಮ ಸ್ಕ್ಯಾನಿಂಗ್ ಕೋಣೆಗೆ ನಿವೃತ್ತ ಬಸ್ ಡ್ರೈವರೊಬ್ಬರು ಬಂದಿದ್ದರು. ನಮ್ಮ ಪ್ರಯೋಗಕ್ಕೆ ಒಪ್ಪಿದ ಮೊದಲನೆಯವರು. ನಿನ್ನೆಯೇ ಅವರ ರಕ್ತಕ್ಕೆ ಕಬ್ಬಿಣದ ನ್ಯಾನೋ ಕಣಗಳನ್ನು ಬಿಟ್ಟಿದ್ದೆವು. ಒಂದು ಕೂದಲೆಳೆಯ ಅಗಲದಲ್ಲಿ ಅಂಥವು ಸಾವಿರಾರು ಸಾಲಾಗಿ ನಿಲ್ಲುತ್ತವೆ! ರಕ್ತನಾಳದ ಗೋಡೆ ಎಲ್ಲಿ ಒಳಗೊಳಗೇ ಕೆರಳಿದೆಯೋ ಅಲ್ಲಿನ ಜೀವಕೋಶಗಳು ಅವನ್ನು ನುಂಗಿ ಕೂರುತ್ತವೆ. ಸ್ಕ್ಯಾನಿನಲ್ಲಿ ಆ ಜಾಗ ಕಪ್ಪಾಗಿ ಕಾಣಬೇಕು.

ಕಂಡಿತು. ಕುತ್ತಿಗೆಯ ನಾಳದಲ್ಲಿ ಎಳ್ಳಿನಷ್ಟು ಕಪ್ಪು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಎಲಾ ಇದರ! ಒಂದು ದಿನವೂ ನೋವು ಅಂದೋನಲ್ಲ ಕಣಮ್ಮ ನಾನು," ಎಂದರು ಅವರು.

"ಅದಕ್ಕೇ ಹುಡುಕೋದು. ಮುಂದೆ ಇದೇ ಕಣಗಳ ಮೇಲೆ ಔಷಧಿ ಹೊರಿಸಿ ಸೀದಾ ಅಲ್ಲಿಗೇ ಕಳಿಸೋಕಾಗುತ್ತಾ ಅಂತ ನೋಡ್ತಿದ್ದೀವಿ."

"ಡ್ರೈವರ್ ಇಲ್ದೆ ದಾರಿ ಗೊತ್ತಾಗುತ್ತಾ ಅವಕ್ಕೆ?"

ಇಬ್ಬರೂ ನಕ್ಕೆವು. ಹೊರಡುವಾಗ ಕೇಳಿದರು: "ನಿಮ್ಮಪ್ಪ ಹಾರ್ಟ್ ಅಟ್ಯಾಕಲ್ಲಿ ಹೋದ್ರು ಅಂದ್ಯಲ್ಲಮ್ಮ, ಮುಂಚೆ ನೋವು ಗೀವು ಅಂತ ಏನೂ ಹೇಳಿರ್ಲಿಲ್ವಾ?"

"ಯಾರಿಗೂ ಏನೂ ಹೇಳಿರ್ಲಿಲ್ಲ," ಎಂದೆ.

ನನಗೆ ಹೇಳಿದ್ದೆ, ಅಪ್ಪಾ. ಎರಡು ಸಲ.