ಗಡ್ಡದವನ ಹತ್ತು ಆಲ್ಬಮ್‌ಗಳು

ಹಿಂದಿನ ಕೋಣೆ, ಕಿಟಕಿಯ ಪಕ್ಕ
ಡಿಸೆಂಬರ್ ೨೮, ಭಾನುವಾರ

ನನ್ನ ಪ್ರೀತಿಯ ಮರಿರಾಕ್ಷಸನಿಗೆ, ತಾತನ ಗಟ್ಟಿ ಅಪ್ಪುಗೆ.

ಮೊದಲು ಗಂಟಲಿನ ಸಮಾಚಾರ ಹೇಳು. ಉಗುಳಿನಲ್ಲಿ ರಕ್ತದ ಎಳೆ ಕಂಡಿತು ಎಂದು ಕಳೆದ ತಿಂಗಳು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ನಿನ್ನಮ್ಮ ಆಗಾಗ ನನ್ನ ಕುತ್ತಿಗೆಯನ್ನೇ ದಿಟ್ಟಿಸಿ ನೋಡುತ್ತಾಳೆ, ತಪ್ಪೆಲ್ಲ ಈ ಕುತ್ತಿಗೆಯದೇ ಎಂಬಂತೆ. ಬಿಸಿನೀರು ಕುಡಿ. ವೇದಿಕೆ ಹತ್ತುವ ಮೊದಲು ಸ್ವಲ್ಪ ಹೊತ್ತು ಬಾಯಿ ಮುಚ್ಚಿಕೊಂಡಿರು, ನಿನಗದು ಎಷ್ಟು ಕಷ್ಟ ಎಂದು ಗೊತ್ತಿದ್ದೂ ಹೇಳುತ್ತಿದ್ದೇನೆ. ಟೈರ್ ಅಂಗಡಿಯ ಮೇಲಿನ ನಿನ್ನ ಕೋಣೆಯಲ್ಲಿ ರಬ್ಬರ್ ವಾಸನೆ ಕಡಿಮೆಯಾಯಿತೇ? ಕಿಟಕಿ ತೆರೆದಿಟ್ಟುಕೋ, ಆದರೆ ಗಾಳಿಗೆ ಎದೆಯೊಡ್ಡಿ ಮಲಗಬೇಡ. ಇಲ್ಲಿ ನನ್ನ ಮೊಣಕಾಲು ನಿವೃತ್ತಿಗೆ ಅರ್ಜಿ ಹಾಕುತ್ತಲೇ ಇದೆ, ನಾನು ತಿರಸ್ಕರಿಸುತ್ತಲೇ ಇದ್ದೇನೆ. ನಿನ್ನಪ್ಪ ಕ್ಷೇಮ. ಮೋಟಾರ್ ರಿವೈಂಡಿಂಗ್ ಶೆಡ್ಡಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ತಾಮ್ರದ ತಂತಿ ಸುತ್ತಿ ಬರುತ್ತಾನೆ. ಮನೆಯಲ್ಲಿ ಕೂತಾಗಲೂ ಬೆರಳುಗಳು ಗಾಳಿಯಲ್ಲಿ ಸುತ್ತುತ್ತಲೇ ಇರುತ್ತವೆ. ನೀನು ಕಳಿಸಿದ ನಿಮ್ಮ ತಂಡದ ಆಲ್ಬಮ್ಮನ್ನು, ಆ 'ಕಬ್ಬಿಣದ ಕಿರೀಟ'ವನ್ನು, ಅವನೂ ಕೇಳಿದ. ಪೂರ್ತಿ ಅಲ್ಲ, ತಟ್ಟೆಗೆ ಊಟ ಬೀಳುವವರೆಗೆ. "ಬೇರಿಂಗ್ ಹೋದ ಮೋಟಾರು ಹಿಂಗೇ ಕೂಗೋದು. ನಾನು ಅದನ್ನ ರಿಪೇರಿ ಮಾಡ್ತೀನಿ, ನನ್ನ ಮಗ ರೆಕಾರ್ಡ್ ಮಾಡ್ತಾನೆ" ಅಂದ. ನಿನ್ನಮ್ಮನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ನಕ್ಕೆನಲ್ಲ ಎಂದು ತಾನೇ ಮುಖ ಸಪ್ಪೆ ಮಾಡಿಕೊಂಡು ಒಳಗೆ ಹೋದಳು.

ಈಗ ಪರದೆ ಏಳಲಿ! ನೀನು ಬರೆದಿದ್ದೆ: "ತಾತಾ, ಏಳು ವರ್ಷ ಆಯ್ತು. ಈ ಸಲ ಗಡ್ಡದವನ ಹತ್ತರಲ್ಲಿ ನಮ್ಮ ಆಲ್ಬಮ್ ಬರದಿದ್ರೆ ನಾನು ಕೂಗೋದು ನಿಲ್ಲಿಸಿಬಿಡ್ತೀನಿ. ನೀನೇ ಹೋಗಿ ಕೇಳ್ಕೊಂಡು ಬಾ. ಬೇರೆ ಯಾರ ಬಾಯಿಂದಾನೂ ನಾನು ಕೇಳಲ್ಲ. ಫೋನಲ್ಲಿ ಮಾತ್ರ ಹೇಳಬೇಡ, ಫೋನಲ್ಲಿ ನೀನು ಆ್ಯಕ್ಟ್ ಮಾಡ್ತೀಯ. ಕಾಗದದಲ್ಲಿ ನಿನಗದು ಬರಲ್ಲ." ಎಂಥ ಸೊಕ್ಕು! ಹಳ್ಳಿ ಹಳ್ಳಿ, ಪೇಟೆ ಪೇಟೆ ತಿರುಗಿ ಡೇರೆ ನಡುಗುವಂತೆ ಅಬ್ಬರಿಸಿದ ನಾಟಕ ಕಂಪನಿಯ ನಟನಿಗೆ ಹೇಳುವ ಮಾತೇ ಇದು? ಆದರೂ ಹೋದೆ. ಕಾಗದದ ಕೊನೆಗೆ ಹಾರಬೇಡ, ನಿನಗೆ ಆ ಚಾಳಿ ಇದೆ, ಕಥೆ ಪುಸ್ತಕದ ಕೊನೆಯ ಪುಟವನ್ನೇ ಮೊದಲು ಓದುತ್ತಿದ್ದವನು ನೀನು. ನಾನು ನಡೆದಂತೆ ನಡೆ, ನಾನು ಕೇಳಿದಂತೆ ಕೇಳು.

ನಿನ್ನೆ ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೊರಟೆ. ಅದೇ ತಪ್ಪಾಯಿತು. ಕನ್ನಡಕದಂಗಡಿಯ ಕೆಳಗೆ, ಗಡ್ಡದವನ ರೆಕಾರ್ಡ್ ಅಂಗಡಿಯಿರುವ ನೆಲಮಾಳಿಗೆಗೆ ಇಳಿದರೆ ಒಳಗೆಲ್ಲ ಕಪ್ಪೋ ಕಪ್ಪು. ಕಪ್ಪು ಬನಿಯನ್ನು, ಕಪ್ಪು ಪ್ಯಾಂಟು, ಎದೆಯ ಮೇಲೆ ಒಣಗಿದ ಬೇರುಗಳನ್ನು ಗಂಟು ಹಾಕಿದಂಥ ಅಕ್ಷರಗಳು. ಅಷ್ಟರ ನಡುವೆ ನಾನು, ಕಲ್ಲಿದ್ದಲ ಗುಡ್ಡೆಯ ಮೇಲೆ ಬಂದು ಕೂತ ಕೊಕ್ಕರೆ. ಬಾಗಿಲಲ್ಲಿ ನಿಂತಿದ್ದ ಮೂಗುತಿಯ ಹುಡುಗಿ ಮರ್ಯಾದೆಯಿಂದಲೇ, "ತಾತಾ, ಕನ್ನಡಕದಂಗಡಿ ಮೇಲ್ಗಡೆ" ಅಂದಳು. "ಕಣ್ಣಿಗಲ್ಲಮ್ಮಾ, ಕಿವಿಗೆ ಬಂದಿದ್ದೀನಿ!" ಎಂದು ನನ್ನ ಮಾಮೂಲಿ ದನಿಯಲ್ಲಿ ಹೇಳಿದೆ, ಅಷ್ಟೇ. ಇಡೀ ನೆಲಮಾಳಿಗೆ ತಿರುಗಿ ನೋಡಿತು. ಯಾರೋ ಶಿಳ್ಳೆ ಹೊಡೆದರು. ಸ್ಪೀಕರಿನ ಪೆಟ್ಟಿಗೆಯೊಂದನ್ನು ಮಗುಚಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು.

ಗಡ್ಡದವನನ್ನು ನೀನು ವರ್ಣಿಸಿದ್ದು ಸರಿಯಾಗಿಯೇ ಇತ್ತು. ಗಡ್ಡ ಎದೆಯವರೆಗೆ, ಮಾತು ಮಾತ್ರ ಮದ್ದು ಕೊಡುವ ಕಾಂಪೌಂಡರನಷ್ಟು ಮೆಲ್ಲಗೆ. ವರ್ಷವಿಡೀ ಬಂದ ಮೆಟಲ್ ಎಂಬ ನಿಮ್ಮ ಈ ಅಬ್ಬರದ ಸಂಗೀತದ ಆಲ್ಬಮ್ಮುಗಳನ್ನೆಲ್ಲ ಒಬ್ಬನೇ ಕೂತು ಕೇಳುತ್ತಾನಂತೆ, ಅಂಗಡಿಯ ಕೆಲಸಕ್ಕಲ್ಲ, ಅವನಿಗೆ ಅದೇ ಉಸಿರಂತೆ. ಅವನಿಗೆ ಇಷ್ಟವಾದ ಹತ್ತರ ಒಂದೊಂದು ಹಾಡನ್ನು ಹತ್ತನೆಯದರಿಂದ ಮೊದಲನೆಯದರವರೆಗೆ ಕೇಳಿಸುತ್ತಾನೆ. ಪಟ್ಟಿಯನ್ನು ಮುದ್ರಿಸಿ ಹಂಚುವುದು ಆಮೇಲೆ. ಆ ಹತ್ತು ತಂಡಗಳನ್ನೇ ಎಲ್ಲರೂ ಕಾರ್ಯಕ್ರಮಕ್ಕೆ ಕರೆಯುತ್ತಾರೆ, ಉಳಿದವರಿಗೆ ಇನ್ನೊಂದು ವರ್ಷ ಖಾಲಿ ಸಭಾಂಗಣ. ಇದೆಲ್ಲ ನಿನಗೇ ಗೊತ್ತಿರುವುದು. ಪಕ್ಕದಲ್ಲಿ ಕೂತ ಹುಡುಗ ನನಗೆ ಹೇಳಿದ, ನಾನು ಏನೂ ತಿಳಿಯದವನಂತೆ ಹೂಂಗುಟ್ಟಿದೆ.

ಹತ್ತನೆಯದು 'ಶವಾಗಾರದ ಸೋಮವಾರ'. ಅಬ್ಬಬ್ಬಾ! ನಮ್ಮ ಕಂಪನಿಯಲ್ಲಿ ಗುಡುಗಿಗೆಂದು ಒಂದು ದೊಡ್ಡ ತಗಡಿನ ಹಾಳೆ ತೂಗುಹಾಕಿದ್ದರು, ಪರದೆಯ ಹಿಂದೆ ಒಬ್ಬ ಅದನ್ನು ಅಲುಗಾಡಿಸಬೇಕು. ಅಂಥ ನೂರು ತಗಡನ್ನು ಒಬ್ಬನೇ ಹುಚ್ಚ ಹಿಡಿದುಕೊಂಡು ಮೆಟ್ಟಿಲಿನಿಂದ ಉರುಳಿದರೆ ಹೇಗಿರುತ್ತದೋ ಹಾಗಿತ್ತು. ಎಂಟನೆಯದು 'ಒದ್ದೆ ಸಿಮೆಂಟು', ಅಕ್ಕತಂಗಿಯರ ತಂಡವಂತೆ. ಅದರ ನಿಧಾನ ಏನು ಹೇಳಲಿ! ಡ್ರಮ್ಮಿನ ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಹೋಗಿ ಚಹಾ ಕಾಸಿಕೊಂಡು ಬರಬಹುದು. ಆದರೆ ಆ ಎರಡನೇ ಏಟು ಬಿದ್ದಾಗ ಎದೆಯಲ್ಲಿ ಬಾಗಿಲು ಹಾಕಿಕೊಂಡಂತಾಯಿತು. ಮನೆಯ ಪುಟ್ಟ ಸ್ಪೀಕರಿನಲ್ಲಿ ನಿನ್ನ ಆಲ್ಬಮ್ಮು ನನಗೆ ಬರೀ ಗದ್ದಲವಾಗಿ ಕೇಳಿತ್ತು, ಯಾವ ಹಾಡು ನಿನ್ನದೆಂದು ಗುರುತೇ ಇರಲಿಲ್ಲ. ಒಂದೊಂದು ಹಾಡು ಶುರುವಾದಾಗಲೂ ನಾನು ಮುಂದಕ್ಕೆ ಬಾಗಿ, ಇದು ನಮ್ಮವನದೇ ಇರಬೇಕು ಅಂದುಕೊಳ್ಳುವುದು, ಗಡ್ಡದವನು ಬೇರೆ ಹೆಸರು ಹೇಳುವುದು, ನಾನು ಹಿಂದಕ್ಕೆ ಒರಗುವುದು. ಏಳು ಹೋಯಿತು, ಆರು ಹೋಯಿತು, ಐದು, ನಾಲ್ಕು. ಸಂತೋಷವೇ ಆಯಿತು ಮರಿ! ತಡವಾದಷ್ಟೂ ನೀನು ಮೇಲಿದ್ದೀಯ ಎಂದಲ್ಲವೇ?

ಮೂರನೆಯದಕ್ಕೆ ಅವನು ಹೆಸರು ಹೇಳದೆಯೇ ಶುರು ಮಾಡಿದ. ಗಿಟಾರಿಲ್ಲ, ಡ್ರಮ್ಮಿಲ್ಲ. ಯಾರೋ ಏದುಸಿರು ಬಿಡುತ್ತಾ ಮೆಟ್ಟಿಲಿಳಿಯುವ ಸದ್ದು. ಒಂದು ಕಾಲು, ಇನ್ನೊಂದು ಕಾಲು. ಭಾರ ಹೊತ್ತವನ ಕಾಲು ಎಂದು ತಿಳಿಯುತ್ತಿತ್ತು. ಆಮೇಲೆ ಒಂದು ಕೂಗು ಎದ್ದಿತು ಮರಿ! ಗಂಟಲಿನದಲ್ಲ, ಹೊಟ್ಟೆಯದಲ್ಲ, ಅಂಗಾಲಿನಿಂದ ಬಂದ ಕೂಗು. ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತಿತು. ಇಷ್ಟು ವರ್ಷ ನಾನು ಯಾವ ಕೂಗಿಗಾಗಿ ಬಣ್ಣ ಹಚ್ಚಿಕೊಂಡು ಒದ್ದಾಡಿದೆನೋ ಅದು ಇದೇ, ಅದು ನಮ್ಮ ಮನೆಯಲ್ಲೇ ಹುಟ್ಟಿತು, ನನ್ನ ಮೊಮ್ಮಗನಲ್ಲಿ ಬಂತು ಎಂದುಕೊಂಡೆ. ಎದ್ದು ನಿಂತೆ. ಎರಡೂ ಕೈ ಮೇಲೆತ್ತಿದೆ. "ನನ್ನ ಮೊಮ್ಮಗ! ಇವನು ನನ್ನ ಮೊಮ್ಮಗ! ವನ್ಸ್ ಮೋರ್!" ಎಂದು ಅಬ್ಬರಿಸಿದೆ. ಹುಡುಗರೆಲ್ಲ "ವನ್ಸ್ ಮೋರ್, ವನ್ಸ್ ಮೋರ್" ಎಂದು ನೆಲ ಕುಟ್ಟಿದರು. ಯಾರೋ ಬೆನ್ನು ತಟ್ಟಿದರು. ನನ್ನ ಕಣ್ಣಲ್ಲಿ ನೀರು.

ಗಡ್ಡದವನು ಹಾಡು ನಿಲ್ಲಿಸಿ ಹತ್ತಿರ ಬಂದ. ಹೆಗಲ ಮೇಲೆ ಕೈಯಿಟ್ಟು, "ತಾತಾ, ಇವರು ನಿಮ್ಮೋರಲ್ಲ. ಆಸ್ಪತ್ರೆಲಿ ಸ್ಟ್ರೆಚರ್ ಹೊರೋ ಹುಡುಗರು. ಆಲ್ಬಮ್ ಹೆಸರು 'ಲಿಫ್ಟ್ ಕೆಟ್ಟಿದೆ'" ಅಂದ. ಮೂಗುತಿಯ ಹುಡುಗಿಯೇ ನನ್ನ ಮಾನ ಉಳಿಸಿದಳು: "ಇರ್ಲಿ ಬಿಡಿ ತಾತಾ, ಇವತ್ತಿಗೆ ನಾವೆಲ್ಲ ನಿಮ್ಮ ಮೊಮ್ಮಕ್ಕಳೇ!" ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಮತ್ತೆ ಕೂತೆ. ಇನ್ನೆರಡು ಉಳಿದಿವೆಯಲ್ಲ ಎಂದು ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡೆ. ಎರಡನೆಯದು ನಿನ್ನದಲ್ಲ. ಮೊದಲನೆಯದು ಶುರುವಾದಾಗ ನಾನು ಹಾಡು ಕೇಳಲಿಲ್ಲ, ಗಡ್ಡದವನ ಮುಖವನ್ನೇ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. ಅಲ್ಲಿಗೆ ತಿಳಿಯಿತು.

ಮರಿ, ಬರಲಿಲ್ಲ. 'ಕಬ್ಬಿಣದ ಕಿರೀಟ' ಹತ್ತರಲ್ಲಿ ಇಲ್ಲ.

ಎಲ್ಲರೂ ಮೆಟ್ಟಿಲು ಹತ್ತಿ ಹೋದ ಮೇಲೂ ನಾನು ಏಳಲಿಲ್ಲ. ಜಗಳಕ್ಕೆಂದೇ ಕೂತೆ. ಇವನು ನೀನು ಕಳಿಸಿದ ಲಕೋಟೆಯನ್ನೇ ಒಡೆದಿರುವುದಿಲ್ಲ, ಅಥವಾ ಯಾರದೋ ಶಿಫಾರಸು ನಡೆದಿದೆ, ಹಿಡಿದು ಜಾಡಿಸುತ್ತೇನೆ ಎಂದು ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವನು ಕಪಾಟಿನಿಂದ ನಿನ್ನ ಆಲ್ಬಮ್ಮನ್ನು ತೆಗೆದು ತಂದ. "ಮೂರು ಸಲ ಕೇಳ್ದೆ ತಾತಾ. ಬನ್ನಿ, ಒಟ್ಟಿಗೆ ಇನ್ನೊಂದ್ಸಲ ಕೇಳೋಣ" ಅಂದ. ಕೇಳಿದೆವು. ಮೊದಲ ನಗುವಿನಲ್ಲೇ ಗುರುತು ಹಿಡಿದೆ. ಹೇಗೆ ಹಿಡಿಯದಿರಲಿ? ಅದು ನನ್ನ ನಗು. ತಾರಸಿಯ ನೀರಿನ ತೊಟ್ಟಿಯ ಪಕ್ಕದಲ್ಲಿ ನಿನ್ನನ್ನು ನಿಲ್ಲಿಸಿ, ಹೊಟ್ಟೆಯ ಮೇಲೆ ಕೈಯಿಡಿಸಿ, ರಾಕ್ಷಸ ಹೇಗೆ ನಗುತ್ತಾನೆ ಎಂದು ಹೇಳಿಕೊಟ್ಟೆನಲ್ಲ, ಆ ಎಳೆತ, ಆ ಕೊನೆಯ ಹೂಂಕಾರ, ಉಸಿರು ನಿಲ್ಲಿಸಿ ಜನರತ್ತ ನೋಡುವ ಆ ಜಾಗ, ಒಂದೂ ಬಿಟ್ಟಿಲ್ಲ.

"ಯಾಕಪ್ಪಾ, ಕೂಗು ಕಮ್ಮಿಯಾಯ್ತಾ?" ಅಂದೆ. "ಕೂಗು ಬೇಕಾದಷ್ಟಿದೆ ತಾತಾ. ಆದ್ರೆ ಕೋಪ ಬಂದೋನ ಥರ ಮಾಡ್ತಾನೆ. ಆ ಸ್ಟ್ರೆಚರ್‌ನವನು ಏನೂ ಮಾಡ್ತಿಲ್ಲ ನೋಡಿ, ಸುಮ್ನೆ ಹೊರ್ತಿದ್ದಾನೆ." "ಹೇಳ್ಕೊಟ್ರೆ ಬರುತ್ತಾ?" ಗಡ್ಡದವನು ಗಡ್ಡ ನೀವಿಕೊಂಡ. "ನಾನೂ ವರ್ಷಗಟ್ಟಲೆ ಗಿಟಾರ್ ಬಾರಿಸಿದೋನೇ. ನನಗೆ ಬರ್ಲಿಲ್ಲ. ಅದಕ್ಕೇ ಅಂಗಡಿ ಇಟ್ಟೆ" ಅಂದ. ಕೆಟ್ಟವನೊಬ್ಬ ಸಿಕ್ಕಿದ್ದರೆ ಎಷ್ಟು ಹಗುರವಾಗುತ್ತಿತ್ತು! ನಾಟಕದಲ್ಲಾದರೆ ಕವಿ ಯಾರನ್ನಾದರೂ ಒದಗಿಸಿಕೊಡುತ್ತಾನೆ. ಇಲ್ಲಿ ಒಬ್ಬ ನ್ಯಾಯವಂತ, ಒಬ್ಬ ಮುದುಕ, ನಡುವೆ ನಿನ್ನ ಆಲ್ಬಮ್ಮು. ಅದಕ್ಕಿಂತ ಕೆಟ್ಟದ್ದು ಕೇಳು: ಅವನು ಬಾಯಿ ಬಿಡುವ ಮೊದಲೇ ತೀರ್ಪು ಕೊಟ್ಟಿದ್ದು ನನ್ನ ಕಿವಿಗಳು. ಕೈಯೆತ್ತಿ ಕುಣಿದದ್ದು ಬೇರೆಯವರ ಮಗನಿಗೆ. ನಿನ್ನದನ್ನು ಕೇಳುವಾಗ ನಾನು ಸುಮ್ಮನೆ ಕೂತಿದ್ದೆ.

ಇದನ್ನು ಬರೆಯದೆ ಬಿಡಬಹುದಿತ್ತು. ಹನ್ನೊಂದನೆಯದಾಗಿ ತಪ್ಪಿತು, ಮುಂದಿನ ವರ್ಷ ಖಂಡಿತ ಎಂದಿದ್ದರೆ ನೀನು ನಂಬುತ್ತಿದ್ದೆ. ನಮ್ಮ ಕಂಪನಿಯ ಯಜಮಾನರು ಪ್ರತಿ ಕ್ಯಾಂಪಿನಲ್ಲೂ ನನಗೆ ಹಾಗೇ ಹೇಳುತ್ತಿದ್ದರು: "ಮುಂದಿನ ನಾಟಕದಲ್ಲಿ ದೊಡ್ಡ ರಾಕ್ಷಸ ನೀನೇ ಕಣಯ್ಯಾ." ಬಹಳ ಒಳ್ಳೆಯ ಮನುಷ್ಯ. ಅವರ ಒಳ್ಳೆಯತನದಲ್ಲೇ ನನ್ನ ತಲೆ ಬೆಳ್ಳಗಾಯಿತು. ಕೊನೆಯವರೆಗೂ ನಾನು ಎರಡನೇ ರಾಕ್ಷಸ, ವಿರಾಮಕ್ಕೆ ಮುಂಚೆ ಸಾಯುವವನು. ಸತ್ತು ಒಳಗೆ ಬಂದು, ಬಣ್ಣ ಒರೆಸಿಕೊಂಡು, ಉಳಿದ ನಾಟಕಕ್ಕೆ ತಗಡು ಅಲುಗಾಡಿಸುತ್ತಿದ್ದೆ. ನಿನಗೆ ಮೂವತ್ತು ಇನ್ನೂ ತುಂಬಿಲ್ಲ.

ಮನೆಗೆ ಬಂದಾಗ ನಿನ್ನಮ್ಮ, "ಏನಾಯ್ತು ಮಾವಾ?" ಅಂದಳು. ಉತ್ತರ ಹೇಳುವ ಮೊದಲೇ ನನ್ನ ಮುಖ ನೋಡಿ ಒಳಗೆ ಹೋದಳು. ಒಳಗೆ ಒಂದೇ ಪಾತ್ರೆಯನ್ನು ಬಹಳ ಹೊತ್ತು ತೊಳೆಯುತ್ತಿದ್ದಳು. ನಿನ್ನಪ್ಪ ತಟ್ಟೆಯಿಂದ ತಲೆಯೆತ್ತದೆ, "ಬಂತಾ?" ಅಂದ. "ಇಲ್ಲ" ಅಂದೆ. "ನಾನು ಹೇಳಿರಲಿಲ್ವಾ" ಅನ್ನುತ್ತಾನೆ ಎಂದು ಕಾದೆ. ಅನ್ನಲಿಲ್ಲ. ಊಟ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದ. ಬೆರಳುಗಳು ಸುತ್ತುವುದು ನಿಂತಿತ್ತು. ಅವನು ಗೆದ್ದವನಂತೆ ಒಂದು ಮಾತಾಡಿದ್ದರೂ ನಾನು ಅವನ ಮೇಲಾದರೂ ಹರಿಹಾಯುತ್ತಿದ್ದೆ.

ಇನ್ನೇನು ಬರೆಯಲಿ? ಕಾಗದದಲ್ಲಿ ನನಗೆ ನಟಿಸಲು ಬರುವುದಿಲ್ಲ ಎಂದೆಯಲ್ಲ, ನೋಡು, ನಿಜವೇ ಆಯಿತು. ನಿನ್ನ ಗಂಟಲಿನ ಗಾಯ ಮಾಯಲಿ. ಕೂಗಿದರೂ ಕೂಗದಿದ್ದರೂ ಅದು ನೋಯದೆ ಇರಲಿ. ನಿನ್ನ ಡ್ರಮ್ಮಿನವನಿಗೂ ಗಿಟಾರಿನ ಉದ್ದಣ್ಣನಿಗೂ ಈ ಮುದುಕ ಕೇಳಿದನೆಂದು ಹೇಳು. ಅಪ್ಪ ಅಮ್ಮ ಇಬ್ಬರೂ ನಿನ್ನ ನೆನಪು ಮಾಡುತ್ತಾರೆ, ಒಬ್ಬರಿಗೊಬ್ಬರು ಕಾಣದ ಹಾಗೆ.

ನಿನ್ನವನೇ ಆದ,
ಎರಡನೇ ರಾಕ್ಷಸ
(ತಾತ)

ಮರೆತ ಮಾತು, ಜನವರಿ ೩, ಶನಿವಾರ ರಾತ್ರಿ: ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಈ ಕಾಗದವನ್ನು ನಾನು ಅಂಚೆಗೆ ಹಾಕಲೇ ಇಲ್ಲ. ಇವತ್ತು ನಿನ್ನ ಶೋ ಇದೆ ಎಂದು ನಿನ್ನಮ್ಮ ಹೇಳಿದಳು. ಇದನ್ನು ಓದಿ ನೀನು ವೇದಿಕೆ ಹತ್ತುವುದು ಬೇಡ ಅನ್ನಿಸಿತು. ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬಂದಿದ್ದೆ ಮರಿ. ಹಿಂದೆ ಕಂಬದ ಮರೆಯಲ್ಲಿ ನಿಂತಿದ್ದೆ. ಜನ ಎಷ್ಟಿದ್ದರು ಎಂದು ನಾನು ಹೇಳಬೇಕಾಗಿಲ್ಲ, ನಿನಗೂ ಕಾಣುತ್ತಿತ್ತು. ಗಡ್ಡದವನ ಮಾತು ತಪ್ಪಾಗಿರಲಿ, ತಪ್ಪಾಗಿರಲಿ ಎಂದು ಕೊನೆಯ ಹಾಡಿನವರೆಗೂ ಕಾದೆ. ಅದು ತಪ್ಪಾಗಿರಲಿಲ್ಲ. ಈಗ ನಿನ್ನ ಕೋಣೆಯ ಕೆಳಗೆ, ಟೈರ್ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೇನೆ. ನೀವು ಸಾಮಾನು ಕಟ್ಟಿಕೊಂಡು ಬರುವಷ್ಟರಲ್ಲಿ ಇದನ್ನು ಬಾಗಿಲ ಕೆಳಗೆ ತೂರಿಸಿ ಹೊರಟುಬಿಡುತ್ತೇನೆ. ಎದುರು ನಿಂತರೆ ನಾನು ಸುಳ್ಳು ಹೇಳಿಬಿಡುತ್ತೇನೆ. ಮನೆಗೆ ಬಾ. ಇನ್ನೊಂದು ಮಾತು. ಕೊನೆಯ ಹಾಡು ಮುಗಿದಾಗ ಹಿಂದಿನ ಕತ್ತಲಲ್ಲಿ ಯಾರೋ ಒಬ್ಬರು ಬಿಡದೆ ಚಪ್ಪಾಳೆ ತಟ್ಟಿದರಲ್ಲ, ಯಾರೆಂದು ನೋಡಲು ನೀನು ದೀಪಕ್ಕೆ ಕೈ ಅಡ್ಡ ಹಿಡಿದು ಕಣ್ಣು ಕಿರಿದು ಮಾಡಿದೆ. ಹೊಸಬರು ಯಾರೋ ಸಿಕ್ಕರು ಎಂದು ನಿನ್ನ ಮುಖ ಅರಳಿತು. ಅದು ನಾನು ಮರಿ. ನಾನೊಬ್ಬನೇ.